ಕ್ರಿಯಾವಿಶೇಷಣದ ಸ್ಥಾನವಿಚಾರ: ವಿಜಾಪುರ ಸೀಮೆಯ ಕನ್ನಡವೂ ಇಂಗ್ಲಿಷ್ ವಾಕ್ಯಪದ್ಧತಿಯೂ

೧. ಪ್ರಸ್ತಾವನೆ

ಸಿಂದಗಿ ತಾಲೂಕಿನ ಒಂದು ಗ್ರಾಮದಿಂದ ಸಂಸ್ಕೃತಾಭ್ಯಾಸಕ್ಕಾಗಿ ನನ್ನ ಬಳಿಗೆ ಬರುತ್ತಿದ್ದ ವಿದ್ಯಾರ್ಥಿಯೊಬ್ಬನು ತನ್ನ ಇಂಗ್ಲಿಷ್ ಉತ್ತರಪತ್ರಿಕೆಯನ್ನು ಒಮ್ಮೆ ನನ್ನ ಮುಂದಿಟ್ಟನು. ಅದರಲ್ಲಿ ‘ಹಿ ಸ್ಪೀಕ್ಸ್ ವೆಲ್ ಇಂಗ್ಲಿಷ್’ ಎಂಬ ವಾಕ್ಯದ ಮೇಲೆ ಕೆಂಪು ಗೆರೆಯೆಳೆಯಲ್ಪಟ್ಟಿತ್ತು. ಕಾರಣವನ್ನು ಮಾತ್ರ ಬರೆದಿರಲಿಲ್ಲ. “ಇಂಗ್ಲಿಷನ್ನ ಚೆಂದಾಗಿ ಮಾತಾಡ್ತಾನ ಅಂದ್ರ ನಮ್ಮಲ್ಲಿ ತಪ್ಪಲ್ಲರಿ. ಅಲ್ಲಿ ಯಾಕ ತಪ್ಪಾತ್ರಿ, ಗುರುಗಳ?” ಎಂದು ಅವನು ಕೇಳಿದನು. ‘ವೆಲ್’ ಎಂಬುದನ್ನು ಕಡೆಯಲ್ಲಿಡಬೇಕು ಎಂದು ಹೇಳುವುದು ಸುಲಭವಾಗಿತ್ತು. ಆದರೆ ಏಕೆ ಕಡೆಯಲ್ಲಿಡಬೇಕೆಂಬುದಕ್ಕೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಪದಗಳು ಪರಸ್ಪರ ಅನ್ವಯಿಸುವುದಾದರೆ ಅವು ವಾಕ್ಯದಲ್ಲಿ ಎಲ್ಲಿ ನಿಂತರೇನು ಎಂಬ ಸಂಸ್ಕಾರದಲ್ಲಿ ಬೆಳೆದವನಿಗೆ ಸ್ಥಾನಮಾತ್ರದಿಂದ ದೋಷವುಂಟಾಗುವುದೆಂಬುದು ಹೊಸ ಸಂಗತಿಯೇ ಸರಿ.

ಆ ಹುಡುಗನ ಪ್ರಶ್ನೆಯು ಒಂದು ಪರೀಕ್ಷೆಯ ಅಂಕಗಳಿಗೆ ಮಾತ್ರ ಸಂಬಂಧಪಟ್ಟುದಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ಈ ನಾಲ್ಕು ತಾಲೂಕುಗಳ ಕನ್ನಡ ಶಾಲೆಗಳಿಂದ ಹೊರಡುವ ಮಕ್ಕಳು ಇಂಗ್ಲಿಷ್ ವಾಕ್ಯದಲ್ಲಿ ಎಡವುವ ಸ್ಥಳಗಳಲ್ಲಿ ಕ್ರಿಯಾವಿಶೇಷಣದ ಸ್ಥಾನವು ಪ್ರಮುಖವಾದುದು. ಆ ಎಡವಿಗೆ ಅವರ ಮಂದಬುದ್ಧಿಯೇ ಕಾರಣವೆಂದು ಹೇಳುವವರುಂಟು. ಕನ್ನಡದಲ್ಲಿ ಪದಕ್ರಮಕ್ಕೆ ನಿಯಮವೇ ಇಲ್ಲದಿರುವುದರಿಂದ ಹೀಗಾಗುವುದೆಂದು ಹೇಳುವವರೂ ಉಂಟು. ಈ ಎರಡು ಪಕ್ಷಗಳೂ ನಿಲ್ಲಲಾರವೆಂಬುದನ್ನು ವ್ಯಾಕರಣಶಾಸ್ತ್ರದ ಇತಿಹಾಸದಿಂದಲೂ, ಈ ಸೀಮೆಯ ಶಾಸನಗಳಿಂದಲೂ, ಜನರ ಆಡುಮಾತಿನಿಂದಲೂ ತೋರಿಸುವುದೇ ಪ್ರಕೃತ ಲೇಖನದ ಉದ್ದೇಶವು.

೨. ಈ ಸೀಮೆಯ ವ್ಯಾಕರಣವಿದ್ಯೆ

ವ್ಯಾಕರಣಾಭ್ಯಾಸವು ಈ ನಾಡಿಗೆ ಹೊಸದಲ್ಲ. ಇಂಡಿ ತಾಲೂಕಿನ ಸಾಲೋಟಗಿಯ ಕಂಬದ ಮೇಲಿರುವ ಸಂಸ್ಕೃತ ಶಾಸನವು ಕ್ರಿ. ಶ. 945ಕ್ಕೆ ಸೇರಿದುದು, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು. ಆ ಅರಸನ ಮಂತ್ರಿಯಾದ ನಾರಾಯಣನು ಪಾವಿಟ್ಟಗೆಯಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನೆಂದೂ, ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದರೆಂದೂ, ಅವರ ವಸತಿಗಾಗಿ 27 ನಿವೇಶನಗಳಿದ್ದುವೆಂದೂ ಅದರಿಂದ ತಿಳಿದುಬರುತ್ತದೆ. ಬಸವನ ಬಾಗೇವಾಡಿ ತಾಲೂಕಿನ ಮನಗೂಳಿಯ ಶಾಸನಗಳನ್ನು ಫ್ಲೀಟ್ ಪಂಡಿತರು ಪರಿಷ್ಕರಿಸಿ ಪ್ರಕಟಿಸಿದರು. ಕಲಚುರ್ಯ ಬಿಜ್ಜಳನ ಕಾಲದ, ಕ್ರಿ. ಶ. 1161ರ ಶಾಸನವು ಅಲ್ಲಿ ಕೌಮಾರ ವ್ಯಾಕರಣವನ್ನು ಬೋಧಿಸುವ ಉಪಾಧ್ಯಾಯನಿಗೆ ಭೂಮಿಯನ್ನು ಬಿಟ್ಟಿದ್ದುದನ್ನು ಹೇಳುತ್ತದೆ.

ಕೌಮಾರವೆಂದರೆ ಕಾತಂತ್ರ ವ್ಯಾಕರಣವು. ಶರ್ವವರ್ಮನಿಂದ ರಚಿತವಾದುದೆಂದೂ, ಕುಮಾರಸ್ವಾಮಿಯ ಅನುಗ್ರಹದಿಂದ ದೊರೆತುದೆಂದೂ ಸಂಪ್ರದಾಯವುಂಟು. ಪಾಣಿನಿಯ ಅಷ್ಟಾಧ್ಯಾಯಿಯಂತೆ ಲಾಘವವನ್ನೇ ಮುಖ್ಯವಾಗಿ ಗಣಿಸದೆ, ಸಂಧಿ, ನಾಮ, ಆಖ್ಯಾತ ಮುಂತಾದ ಪ್ರಕರಣಗಳಾಗಿ ವಿಷಯವನ್ನು ವಿಂಗಡಿಸಿ ಬಾಲರಿಗೆ ಸುಲಭವಾಗುವಂತೆ ಬೋಧಿಸುವುದು ಅದರ ಗುಣವು. ನಮ್ಮ ನಾಗವರ್ಮನೂ ಕೇಶಿರಾಜನೂ ಪ್ರಕರಣವಿಭಾಗದಲ್ಲಿ ಅನುಸರಿಸಿದುದು ಬಹುಮಟ್ಟಿಗೆ ಈ ಮಾರ್ಗವನ್ನೇ. ಮನಗೂಳಿಯ ಬಾಲಕರು ಕೌಮಾರವನ್ನು ಕಲಿಯುತ್ತಿದ್ದ ಕಾಲಕ್ಕೂ, ಕ್ರಿ. ಶ. 1260ರ ಸುಮಾರಿನಲ್ಲಿ ಕೇಶಿರಾಜನು ಶಬ್ದಮಣಿದರ್ಪಣವನ್ನು ರಚಿಸಿದ ಕಾಲಕ್ಕೂ ಅಂತರವು ಸುಮಾರು ನೂರು ವರ್ಷಗಳು ಮಾತ್ರ.

ಶಬ್ದಮಣಿದರ್ಪಣದಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂದು ಎಂಟು ಪ್ರಕರಣಗಳಿವೆ. ವಾಕ್ಯಪ್ರಕರಣವೆಂಬುದಿಲ್ಲ. ಮೆಲ್ಲನೆ, ತೊಟ್ಟನೆ, ಭೋಂಕನೆ ಮೊದಲಾದ ಶಬ್ದಗಳು ಲಿಂಗವಚನವಿಭಕ್ತಿಗಳಿಂದ ವಿಕಾರಹೊಂದವು. ಆದುದರಿಂದ ಅವುಗಳ ವಿಚಾರಕ್ಕೆ ತಕ್ಕ ಎಡೆ ಅವ್ಯಯಪ್ರಕರಣವು. ಅಲ್ಲಿ ರೂಪದ ವಿಚಾರವೂ ಅರ್ಥದ ವಿಚಾರವೂ ಉಂಟಲ್ಲದೆ, ಇಂತಹ ಶಬ್ದವು ವಾಕ್ಯದಲ್ಲಿ ಎಲ್ಲಿ ನಿಲ್ಲತಕ್ಕದ್ದೆಂಬ ವಿಧಿಯಿಲ್ಲ. ಕ್ರಿ. ಶ. 1604ರಲ್ಲಿ ಭಟ್ಟಾಕಳಂಕನು 592 ಸಂಸ್ಕೃತಸೂತ್ರಗಳಿಂದ ರಚಿಸಿದ ಕರ್ಣಾಟಕ ಶಬ್ದಾನುಶಾಸನವು ಕೇಶಿರಾಜನ ಗ್ರಂಥಕ್ಕಿಂತ ವಿಸ್ತಾರವಾದುದಾದರೂ, ಹೆಸರೇ ಹೇಳುವಂತೆ ಅದೂ ಶಬ್ದದ ಅನುಶಾಸನವೇ ಹೊರತು ಪದಕ್ರಮದ ಅನುಶಾಸನವಲ್ಲ.

ಈ ಮೌನವನ್ನು ಲೋಪವೆಂದೆಣಿಸುವ ಮೊದಲು ಅದಕ್ಕೆ ಕಾರಣವೇನೆಂಬುದನ್ನು ನೋಡತಕ್ಕದ್ದು.

೩. ಸಂಸ್ಕೃತ ಶಾಸ್ತ್ರಕಾರರ ಅಭಿಪ್ರಾಯ

ಸಂಸ್ಕೃತ ವೈಯಾಕರಣರು ಕ್ರಿಯಾವಿಶೇಷಣವನ್ನು ಕರ್ಮಸ್ಥಾನೀಯವೆಂದು ಗ್ರಹಿಸಿ, ಅದಕ್ಕೆ ನಪುಂಸಕಲಿಂಗವನ್ನೂ ಏಕವಚನವನ್ನೂ ದ್ವಿತೀಯಾವಿಭಕ್ತಿಯನ್ನೂ ವಿಧಿಸಿದರು. ‘ಮೃದು ಪಚತಿ’ ಎಂಬಲ್ಲಿ ‘ಪಚತಿ’ ಎಂಬುದಕ್ಕೆ ‘ಪಾಕವನ್ನು ಮಾಡುತ್ತಾನೆ’ ಎಂದರ್ಥವಾದುದರಿಂದ, ‘ಮೃದು’ ಎಂಬುದು ಆ ಪಾಕಕ್ಕೆ ವಿಶೇಷಣವಾಗುತ್ತದೆ. ಅನ್ವಯವು ವಿಭಕ್ತಿಯಿಂದಲೇ ನಿರ್ಣಯವಾದ ಮೇಲೆ ಸ್ಥಾನನಿಯಮದ ಅಗತ್ಯವೆಲ್ಲಿಯದು? ಪತಂಜಲಿಯೂ ಮಹಾಭಾಷ್ಯದ ಆರಂಭಭಾಗದಲ್ಲಿ, ಸಂಸ್ಕಾರಹೊಂದಿದ ಪದಗಳು ಇಚ್ಛಾನುಸಾರವಾಗಿ ಸಂಬಂಧಿಸುವುವೆಂದು ಹೇಳಿ, ಪಾತ್ರೆಯನ್ನು ತರಹೇಳುವ ಎರಡು ಪದಗಳ ವಾಕ್ಯವನ್ನು ಹಿಂದುಮುಂದಾಗಿಸಿ ತೋರಿಸಿದ್ದಾನೆ.

ಆದರೆ ಇಷ್ಟರಿಂದ ಪ್ರಾಚೀನರು ಸ್ಥಾನವನ್ನು ಲೆಕ್ಕಿಸಲೇ ಇಲ್ಲವೆಂದು ಹೇಳುವುದು ಸಾಹಸವಾದೀತು. ಮೀಮಾಂಸಕರೂ ನೈಯಾಯಿಕರೂ ಶಾಬ್ದಬೋಧಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರನ್ನು ಕಾರಣವೆಂದು ಹೇಳುವರು. ಸನ್ನಿಧಿಯೆಂದರೆ ಪರಸ್ಪರ ಸಂಬಂಧಿಸತಕ್ಕ ಪದಗಳು ವ್ಯವಧಾನವಿಲ್ಲದೆ ಉಚ್ಚಾರಿತವಾಗುವುದು. ಪಾಠಶಾಲೆಗಳಲ್ಲಿ ಶ್ಲೋಕಕ್ಕೆ ದಂಡಾನ್ವಯವನ್ನು ಹೇಳಿಸುವಾಗ ಗುರುಗಳು ವಿಶೇಷಣವನ್ನು ಮೊದಲು, ವಿಶೇಷ್ಯವನ್ನು ಆಮೇಲೆ, ಕರ್ತೃವನ್ನು ಆದಿಯಲ್ಲಿ, ಕರ್ಮಾದಿಗಳನ್ನು ಅದರ ಬಳಿಕ, ಕ್ರಿಯಾಪದವನ್ನು ಅಂತ್ಯದಲ್ಲಿ ಇಡಿಸುವುದು ಸರ್ವವಿದಿತವಾದ ಪದ್ಧತಿಯು. ಕ್ರಿಯಾವಿಶೇಷಣವೂ ವಿಶೇಷಣವೇ, ಆದುದರಿಂದ ಅದು ತನ್ನ ವಿಶೇಷ್ಯವಾದ ಕ್ರಿಯೆಯ ಹಿಂದೆಯೇ, ಅದಕ್ಕೆ ಅಂಟಿಕೊಂಡಂತೆ, ನಿಲ್ಲುವುದು. ಕಾವ್ಯದಲ್ಲಿ ಪದಗಳು ಸ್ವೇಚ್ಛೆಯಾಗಿ ಸಂಚರಿಸಿದರೂ ಅರ್ಥವನ್ನು ಹೇಳಹೊರಟೊಡನೆ ಅವು ತಮ್ಮ ತಮ್ಮ ಮನೆಗಳಿಗೆ ಮರಳುವುವು. ಸೂತ್ರಗಳಲ್ಲಿ ಕಾಣದ ಈ ಕ್ರಮವು ಅಧ್ಯಾಪನದಲ್ಲಿ ಜೀವಂತವಾಗಿದ್ದಿತು.

೪. ಶಾಸನಗಳ ಸಾಕ್ಷ್ಯ

ಕನ್ನಡದಲ್ಲಿ ಈ ಕ್ರಮವು ಸಂಸ್ಕೃತಕ್ಕಿಂತಲೂ ದೃಢವಾದುದು. ಛಂದಸ್ಸಿನ ನಿರ್ಬಂಧವಿರುವ ಪದ್ಯವನ್ನು ಬಿಟ್ಟು, ಶಾಸನಗಳ ಗದ್ಯಭಾಗವನ್ನು ಪರಿಶೀಲಿಸಿದರೆ ಇದು ಸ್ಪಷ್ಟವಾಗುತ್ತದೆ. ಕಲ್ಯಾಣದ ಚಾಲುಕ್ಯರ ಮತ್ತು ಕಲಚುರ್ಯರ ಕಾಲದ ದಾನಶಾಸನಗಳಲ್ಲಿ ಅರಸನ ವರ್ಣನೆಯಾದ ಬಳಿಕ ಸಾಮಾನ್ಯವಾಗಿ ಶಕವರ್ಷ, ಮಾಸ, ತಿಥಿ, ಸಂಕ್ರಮಣ ಅಥವಾ ಗ್ರಹಣ ಇವು ಮೊದಲು ಬರುವುವು. ದಾನವನ್ನು ಪಡೆಯುವವರ ಮತ್ತು ಭೂಮಿಯ ವಿವರವು ಅನಂತರದ್ದು. ‘ಧಾರಾಪೂರ್ವಕಂ’, ‘ಸರ್ವನಮಸ್ಯವಾಗಿ’ ಎಂಬಂತಹ ರೀತಿವಾಚಕಗಳು ‘ಮಾಡಿ’, ‘ಬಿಟ್ಟರು’, ‘ಕೊಟ್ಟರು’ ಎಂಬ ಕ್ರಿಯೆಗಳ ಸಮೀಪದಲ್ಲಿ ಬರುವುವು. ಅರಸನ ಆಳ್ವಿಕೆಯನ್ನು ಹೇಳುವಾಗಲೂ ‘ಸುಖಸಂಕಥಾವಿನೋದದಿಂ’ ಎಂಬ ಪದವು ರಾಜ್ಯಂಗೆಯ್ಯುವ ಕ್ರಿಯೆಗೆ ನೆರೆಯಾಗಿಯೇ ನಿಲ್ಲುವುದು ರೂಢಿ.

ಇದರಿಂದ ಒಂದು ಕ್ರಮವು ಸಿದ್ಧವಾಗುತ್ತದೆ: ಕಾಲ, ದೇಶ, ರೀತಿ, ಕ್ರಿಯೆ. ಹೊರಗಿನಿಂದ ಒಳಕ್ಕೆ ಬರುವ ಕ್ರಮವಿದು. ಕಾಲವು ಇಡೀ ಘಟನೆಯನ್ನು ಆವರಿಸುವುದರಿಂದ ದೂರದಲ್ಲಿದೆ. ದೇಶವು ಅದಕ್ಕಿಂತ ಹತ್ತಿರ. ರೀತಿಯು ಕ್ರಿಯೆಯ ಮೈಗೇ ಹತ್ತಿದುದಾದುದರಿಂದ ಅದಕ್ಕೆ ತಗಲಿಕೊಂಡಿದೆ. ಶಾಸನವನ್ನು ಬರೆದವರಿಗೆ ಯಾವ ಸೂತ್ರವೂ ಇದನ್ನು ವಿಧಿಸಿರಲಿಲ್ಲ. ಭಾಷೆಯ ಸ್ವಭಾವವೇ ವಿಧಿಸಿದ್ದಿತು. ಕನ್ನಡದಲ್ಲಿ ಪದಕ್ರಮಕ್ಕೆ ನಿಯಮವಿಲ್ಲವೆಂಬ ಪೂರ್ವಪಕ್ಷವು ಇಲ್ಲಿಗೆ ನಿರಸ್ತವಾಯಿತು. ನಿಯಮವುಂಟು, ಸೂತ್ರವಿಲ್ಲ, ಇವೆರಡಕ್ಕೂ ಬಹಳ ಅಂತರವುಂಟು.

೫. ಇಂಗ್ಲಿಷ್ ವ್ಯಾಕರಣದಲ್ಲಿ ಈ ವಿಚಾರದ ಬೆಳವಣಿಗೆ

ಇನ್ನು ಇಂಗ್ಲಿಷಿನ ಕಡೆಗೆ ತಿರುಗೋಣ. ಇಂದು ಸ್ಥಾನದಿಂದಲೇ ಕರ್ತೃಕರ್ಮಗಳನ್ನು ಗುರುತಿಸುವ ಆ ಭಾಷೆಯು ಮೊದಲಿನಿಂದಲೂ ಹಾಗಿರಲಿಲ್ಲ. ಕ್ರಿ. ಶ. 1066ರ ನಾರ್ಮನ್ ವಿಜಯಕ್ಕೆ ಹಿಂದಿನ ಪ್ರಾಚೀನ ಇಂಗ್ಲಿಷಿನಲ್ಲಿ ನಾಮಪದಗಳಿಗೆ ವಿಭಕ್ತಿಪ್ರತ್ಯಯಗಳಿದ್ದುವು. ಪದಗಳು ಇಂದಿಗಿಂತ ಹೆಚ್ಚು ಸ್ವತಂತ್ರವಾಗಿ ಚಲಿಸಬಹುದಾಗಿದ್ದಿತು. ಅಧೀನವಾಕ್ಯಗಳಲ್ಲಿ ಕ್ರಿಯಾಪದವು ನಮ್ಮಲ್ಲಿಯಂತೆ ಕಡೆಯಲ್ಲಿ ನಿಲ್ಲುವುದೂ ಅನೇಕ ಕಡೆ ಉಂಟು. ಬರಬರುತ್ತ ಪ್ರತ್ಯಯಗಳು ಸವೆದುಹೋದುವು. ಪ್ರತ್ಯಯವು ಹೋದ ಮೇಲೆ ಇದು ಕರ್ಮವೆಂದು ತಿಳಿಯಲು ಉಳಿದ ಗುರುತು ಒಂದೇ: ಕ್ರಿಯೆಯ ಮುಂದೆಯೇ ನಿಲ್ಲುವುದು. ಆದುದರಿಂದ ಕ್ರಿಯೆಗೂ ಕರ್ಮಕ್ಕೂ ನಡುವೆ ಇತರ ಪದವು ನುಗ್ಗುವುದನ್ನು ಆ ಭಾಷೆಯು ಕ್ರಮೇಣ ಸಹಿಸದಾಯಿತು. ನನ್ನ ವಿದ್ಯಾರ್ಥಿಯ ‘ವೆಲ್’ ಎಂಬ ಪದವು ನುಗ್ಗಿದುದು ಈ ಬಾಗಿಲಿನಲ್ಲಿಯೇ.

ಈ ವಿಚಾರವನ್ನು ಇಂಗ್ಲಿಷ್ ವೈಯಾಕರಣರು ನಿಯಮರೂಪಕ್ಕೆ ತಂದುದು ಹದಿನೆಂಟನೆಯ ಶತಮಾನದಲ್ಲಿ. ರಾಬರ್ಟ್ ಲೌತ್ ಎಂಬ ಧರ್ಮಾಧಿಕಾರಿಯು 1762ರಲ್ಲಿ ಪ್ರಕಟಿಸಿದ ಸಂಕ್ಷಿಪ್ತ ವ್ಯಾಕರಣದಲ್ಲಿ, ಕ್ರಿಯಾವಿಶೇಷಣವು ತಾನು ವಿಶೇಷಿಸುವ ಪದದ ಸಮೀಪದಲ್ಲಿರಬೇಕೆಂದೂ, ಅದರ ಔಚಿತ್ಯವೂ ಬಲವೂ ಸ್ಥಾನವನ್ನು ಅವಲಂಬಿಸಿರುವುವೆಂದೂ ಅಭಿಪ್ರಾಯಪಟ್ಟನು. ಇದು ನಮ್ಮ ಸನ್ನಿಧಿಯೇ ಅಲ್ಲವೆ? 1795ರಲ್ಲಿ ಲಿಂಡ್ಲೆ ಮರ್ರೆಯು ಇದನ್ನು ವಿಸ್ತರಿಸಿ, ಕ್ರಿಯಾವಿಶೇಷಣವು ಬಹುಮಟ್ಟಿಗೆ ಗುಣವಾಚಕದ ಮುಂಚೆಯೂ, ಕ್ರಿಯಾಪದದ ತರುವಾಯವೂ, ಸಹಾಯಕ್ರಿಯೆಗೂ ಮುಖ್ಯಕ್ರಿಯೆಗೂ ನಡುವೆಯೂ ನಿಲ್ಲುವುದೆಂದು ವಿಧಿಸಿದನು. ಮರ್ರೆಯ ಪುಸ್ತಕವು ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಬಹುಕಾಲ ಪಾಠಪುಸ್ತಕವಾಗಿದ್ದಿತು. ಭಾರತದ ಶಾಲೆಗಳಲ್ಲಿ ನೆಸ್‌ಫೀಲ್ಡನ ವ್ಯಾಕರಣಗಳೂ, 1930ರ ದಶಕದಿಂದೀಚೆಗೆ ರೆನ್ ಮತ್ತು ಮಾರ್ಟಿನ್ ಇವರ ಪುಸ್ತಕವೂ ಈ ಪರಂಪರೆಯನ್ನೇ ಮುಂದುವರಿಸಿದುವು.

ಈ ಪುಸ್ತಕಗಳು ನಮ್ಮ ಸೀಮೆಯನ್ನು ಮುಟ್ಟಿದ ದಾರಿಯನ್ನೂ ಸ್ಮರಿಸತಕ್ಕದ್ದು. ಸಾತಾರಾ ಸಂಸ್ಥಾನವು 1848ರಲ್ಲಿ ಬ್ರಿಟಿಷರ ವಶವಾಯಿತು. 1855ರಲ್ಲಿ ಮುಂಬಯಿ ಇಲಾಖೆಯಲ್ಲಿ ವಿದ್ಯಾಖಾತೆಯೂ, 1857ರಲ್ಲಿ ಮುಂಬಯಿ ವಿಶ್ವವಿದ್ಯಾಲಯವೂ ಸ್ಥಾಪಿತವಾದುವು. 1864ರಲ್ಲಿ ಕಲಾದಗಿ ಜಿಲ್ಲೆಯು ಏರ್ಪಟ್ಟು, 1885ರಲ್ಲಿ ಅದರ ಮುಖ್ಯಸ್ಥಾನವು ವಿಜಾಪುರಕ್ಕೆ ಬಂದಿತು; ಈಗ ವಿಜಯಪುರವೆಂಬ ಹೆಸರು 2014ರಿಂದ ರೂಢಿಯಲ್ಲಿದೆ. ಫ. ಗು. ಹಳಕಟ್ಟಿಯವರ ಪ್ರಯತ್ನದಿಂದ 1910ರಲ್ಲಿ ವಿಜಾಪುರದಲ್ಲಿ ಲಿಂಗಾಯತ ವಿದ್ಯಾಸಂಸ್ಥೆಯು ಜನ್ಮತಳೆಯಿತು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯಿತು. ಹೀಗೆ ಮನಗೂಳಿಯಲ್ಲಿ ಕೌಮಾರವನ್ನು ಓದುತ್ತಿದ್ದವರ ವಂಶಜರು ಮರ್ರೆಯ ಸಂತತಿಯ ಸೂತ್ರಗಳನ್ನು ಓದತೊಡಗಿದರು.

ಇತ್ತ ಪಾಶ್ಚಾತ್ಯರೂ ನಮ್ಮ ಭಾಷೆಯನ್ನು ಓದುತ್ತಿದ್ದರು. ವಿಲಿಯಂ ಕೇರಿಯ ಕನ್ನಡ ವ್ಯಾಕರಣವು 1817ರಲ್ಲಿ ಶ್ರೀರಾಮಪುರದಲ್ಲಿಯೂ, ಮ್ಯಾಕೆರೆಲ್ಲನದು 1820ರಲ್ಲಿ ಮದರಾಸಿನಲ್ಲಿಯೂ, ಹಾಡ್ಸನ್ನನದು 1859ರಲ್ಲಿ ಬೆಂಗಳೂರಿನಲ್ಲಿಯೂ, ಕಿಟ್ಟೆಲ್ಲರದು 1903ರಲ್ಲಿ ಮಂಗಳೂರಿನಲ್ಲಿಯೂ ಪ್ರಕಟವಾದುವು. ತಮ್ಮ ಭಾಷೆಯಲ್ಲಿ ಸ್ಥಾನವೇ ಪ್ರಧಾನವಾದುದರಿಂದ ಕನ್ನಡ ಕಲಿಯಬೇಕಾದ ಪರದೇಶೀಯರಿಗೆ ಕನ್ನಡ ವಾಕ್ಯದಲ್ಲಿ ಯಾವುದು ಎಲ್ಲಿ ನಿಲ್ಲುವುದೆಂಬ ಪ್ರಶ್ನೆಯು ಸಹಜವಾಗಿಯೇ ಉದಿಸತಕ್ಕದ್ದು. ನಮಗೆ ಆ ಪ್ರಶ್ನೆಯು ಹುಟ್ಟಲಿಲ್ಲ. ತನ್ನ ಮನೆಯಲ್ಲಿ ನಡೆದಾಡುವವನು ಹೆಜ್ಜೆಗಳನ್ನು ಎಣಿಸನು; ಅತಿಥಿಯು ಎಣಿಸುವನು. ಕೃಷ್ಣಮಾಚಾರ್ಯರ ಹೊಸಗನ್ನಡ ನುಡಿಗನ್ನಡಿಯು 1838ರಲ್ಲಿಯೂ, ತೀ. ನಂ. ಶ್ರೀಕಂಠಯ್ಯನವರ ಕನ್ನಡ ಮಧ್ಯಮ ವ್ಯಾಕರಣವು 1939ರಲ್ಲಿಯೂ ಹೊರಬಂದು, ಹೊಸಗನ್ನಡದ ವ್ಯಾಕರಣವನ್ನು ಕನ್ನಡದಲ್ಲಿಯೇ ಬೋಧಿಸುವ ಮಾರ್ಗವನ್ನು ಬೆಳೆಸಿದುವು.

೬. ನಾಲ್ಕು ತಾಲೂಕುಗಳ ಆಡುಮಾತು

ಪುಸ್ತಕಗಳನ್ನು ಬಿಟ್ಟು ಜನರ ಬಾಯಿಯನ್ನು ನೋಡೋಣ. ಈ ಸೀಮೆಯ ಒಕ್ಕಲಿಗನು ‘ಲಗೂನ ಬಾ’, ‘ದೌಡ ಹೋಗು’, ‘ಹಗೂರಕ ನಡಿ’, ‘ಸಾವಕಾಶ ಮಾತಾಡು’ ಎಂದು ಹೇಳುವನು. ಇವುಗಳಲ್ಲಿ ‘ಹಗೂರಕ’ ಎಂಬುದು ಕನ್ನಡದ ಹಗುರದಿಂದ ಬಂದುದು; ‘ದೌಡ’, ‘ಜಲ್ದಿ’ ಎಂಬವು ಹಿಂದುಸ್ತಾನಿಯ ಸಹವಾಸದಿಂದ ಬಂದುವು; ‘ಸಾವಕಾಶ’ ಎಂಬ ಸಂಸ್ಕೃತಶಬ್ದವು ನೆರೆಯ ಮರಾಠಿಯಲ್ಲಿರುವ ಅರ್ಥದಲ್ಲಿಯೇ ಇಲ್ಲಿಯೂ ಬಳಕೆಯಾಗುತ್ತದೆ. ಭೀಮಾ, ಡೋಣಿ, ಕೃಷ್ಣಾ ನದಿಗಳ ನಡುವಣ ಈ ನಾಡು ಶತಮಾನಗಳ ಕಾಲ ಹಲವು ಭಾಷೆಗಳ ಸಂಗಮವಾಗಿದ್ದುದರಿಂದ ಇದು ಆಶ್ಚರ್ಯವಲ್ಲ. ಗಮನಾರ್ಹವಾದುದೇನೆಂದರೆ, ಶಬ್ದವು ಎಲ್ಲಿಂದ ಬಂದಿರಲಿ, ಬಂದೊಡನೆ ಅದು ಕನ್ನಡದ ಸ್ಥಾನದಲ್ಲಿಯೇ ಕುಳಿತುಕೊಂಡಿತು. ಶಬ್ದಗಳನ್ನು ಸಾಲ ತಂದರೂ ಕ್ರಮವನ್ನು ಸಾಲ ತರಲಿಲ್ಲ.

‘ನಿನ್ನಿ ಸಿಂದಗಿ ಸಂತ್ಯಾಗ ಸಾವಕಾಶ ಮಾತಾಡಿದ’ ಎಂಬ ವಾಕ್ಯದಲ್ಲಿ ಶಾಸನಗಳಲ್ಲಿ ಕಂಡ ಕಾಲ, ದೇಶ, ರೀತಿ, ಕ್ರಿಯೆ ಎಂಬ ಕ್ರಮವೇ ತಪ್ಪದೆ ಇದೆ. ಕೆಲವೊಮ್ಮೆ ‘ಬಾ ಲಗೂನ’, ‘ಹೋಗ್ಯಾನ ನಿನ್ನೇನ’ ಎಂದು ಕ್ರಿಯೆಯ ಬಳಿಕವೂ ಕ್ರಿಯಾವಿಶೇಷಣವು ಬರುವುದುಂಟು. ಅದು ಅವಸರ, ಕೋಪ, ಕಳಕಳಿ ಇವುಗಳಿಂದ ಮನಸ್ಸು ಕ್ರಿಯೆಯನ್ನು ಮೊದಲು ಆಡಿಸಿ, ಉಳಿದುದನ್ನು ಆಮೇಲೆ ಸೇರಿಸುವ ರೀತಿಯು. ಹಾಡುಗಳಲ್ಲಿ ಲಯಕ್ಕಾಗಿಯೂ ಹೀಗಾಗುವುದು. ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಪ್ರಕಟಿಸಿದ ಗರತಿಯ ಹಾಡನ್ನು ಈ ದೃಷ್ಟಿಯಿಂದ ಓದುವವರಿಗೆ ಸಾಮಗ್ರಿಯು ಯಥೇಷ್ಟವಾಗಿ ದೊರೆಯುವುದು. ಭಾವವು ಕ್ರಮವನ್ನು ಮೀರಿದರೆ ಅದು ಕ್ರಮವಿದೆಯೆಂಬುದಕ್ಕೇ ಸಾಕ್ಷಿ. ಗಡಿಯಿಲ್ಲದ ಕಡೆ ಮೀರುವುದೆಂತು?

ಇನ್ನೊಂದು ಸೂಕ್ಷ್ಮವುಂಟು. ‘ನೀರನ್ನು ಬೇಗ ಕುಡಿದನು’ ಎಂಬುದಕ್ಕೂ ‘ಬೇಗ ನೀರು ಕುಡಿದನು’ ಎಂಬುದಕ್ಕೂ ಭೇದವೇನು? ‘ಅನ್ನು’ ಪ್ರತ್ಯಯವಿರುವಾಗ ಕರ್ಮವು ತನ್ನ ಗುರುತನ್ನು ತಾನೇ ಹೊತ್ತಿರುವುದರಿಂದ ಕ್ರಿಯೆಯನ್ನು ಬಿಟ್ಟು ದೂರ ನಿಲ್ಲಬಲ್ಲುದು. ಪ್ರತ್ಯಯವು ಲೋಪವಾದಾಗ ಅದು ಕ್ರಿಯೆಯ ಆಶ್ರಯವನ್ನು ಹುಡುಕಿ, ‘ನೀರು ಕುಡಿ’, ‘ಊಟ ಮಾಡು’, ‘ಹೊಲ ಉಳು’ ಎಂಬಂತೆ ಅದರೊಡನೆ ಒಂದಾಗುವುದು; ಕ್ರಿಯಾವಿಶೇಷಣವು ಆ ಜೋಡಿಯ ಹೊರಗೆ ನಿಲ್ಲುವುದು. ‘ಲಗೂನ ಊಟಾ ಮಾಡು’ ಎಂಬುದೇ ತಾಯಂದಿರ ಬಾಯಲ್ಲಿ ಸಹಜವಾದ ಮಾತು. ಎಂದರೆ, ಪ್ರತ್ಯಯವನ್ನು ಕಳೆದುಕೊಂಡ ಕರ್ಮವು ಕ್ರಿಯೆಗೆ ಅಂಟಿಕೊಳ್ಳಬೇಕೆಂಬ ಧರ್ಮವು ಇಂಗ್ಲಿಷಿಗೆ ಮಾತ್ರ ವಿಶಿಷ್ಟವಲ್ಲ, ಕನ್ನಡದಲ್ಲಿಯೂ ಉಂಟು.

೭. ಸಿದ್ಧಾಂತ: ಬಿಂಬಪ್ರತಿಬಿಂಬನ್ಯಾಯ

ಈಗ ಎರಡು ಭಾಷೆಗಳನ್ನು ಎದುರೆದುರು ನಿಲ್ಲಿಸೋಣ. ಕನ್ನಡದ ‘ನಿನ್ನೆ ಸಿಂದಗಿಯಲ್ಲಿ ನಿಧಾನವಾಗಿ ಮಾತನಾಡಿದನು’ ಎಂಬುದು ಇಂಗ್ಲಿಷಿನಲ್ಲಿ ‘ಹಿ ಸ್ಪೋಕ್ ಸ್ಲೋಲಿ ಇನ್ ಸಿಂದಗಿ ಯೆಸ್ಟರ್ಡೇ’ ಎಂದಾಗುತ್ತದೆ. ಕರ್ತೃವನ್ನು ಮೊದಲಿನಲ್ಲಿಯೇ ಬಿಟ್ಟು ನೋಡಿದರೆ, ನಮ್ಮಲ್ಲಿ ಕಾಲ, ದೇಶ, ರೀತಿ, ಕ್ರಿಯೆ. ಅವರಲ್ಲಿ ಕ್ರಿಯೆ, ರೀತಿ, ದೇಶ, ಕಾಲ. ಕನ್ನಡಿಯಲ್ಲಿ ಕಂಡ ಮುಖದಂತೆ ಎಡವು ಬಲವಾಗಿದೆ. ಆದರೆ ಯಾವುದು ಕ್ರಿಯೆಗೆ ಹತ್ತಿರ, ಯಾವುದು ದೂರ ಎಂಬುದು ಎರಡರಲ್ಲಿಯೂ ಒಂದೇ. ರೀತಿಯು ಕ್ರಿಯೆಗೆ ನೆರೆಯವನು, ಕಾಲವು ಊರ ಹೊರಗಿನವನು.

ಗಮನಾರ್ಥಕ ಧಾತುಗಳಿಗೂ ಇದು ಹೊಂದುವುದು. ‘ಬೇಗ ಮನೆಗೆ ಹೋದನು’ ಎಂಬುದರ ಪ್ರತಿಬಿಂಬವು ‘ಹಿ ವೆಂಟ್ ಹೋಮ್ ಕ್ವಿಕ್ಲಿ’. ಹೋಗುವ ಕ್ರಿಯೆಗೆ ಗಂತವ್ಯವು ರೀತಿಗಿಂತಲೂ ಸಮೀಪವೆಂಬುದನ್ನು ಎರಡು ಭಾಷೆಗಳೂ ಒಪ್ಪಿವೆ.

ಇನ್ನು ನನ್ನ ವಿದ್ಯಾರ್ಥಿಯ ವಾಕ್ಯವನ್ನು ಪರಿಶೀಲಿಸೋಣ. ಅವನ ಮನಸ್ಸಿನಲ್ಲಿದ್ದುದು ‘ಇಂಗ್ಲಿಷನ್ನು ಚೆನ್ನಾಗಿ ಮಾತನಾಡುತ್ತಾನೆ’ ಎಂಬ ಸಪ್ರತ್ಯಯ ವಾಕ್ಯವು. ಅದನ್ನು ತಿರುವಿದರೆ ‘ಸ್ಪೀಕ್ಸ್ ವೆಲ್ ಇಂಗ್ಲಿಷ್’ ಎಂದೇ ಬರುವುದು. ಅವನು ತಿರುವಿದ ರೀತಿ ಸರಿಯಾಗಿತ್ತು. ತಿರುವಲು ಆರಿಸಿದ ಮೂಲವಾಕ್ಯವು ತಕ್ಕುದಾಗಿರಲಿಲ್ಲ. ಇಂಗ್ಲಿಷಿನ ಕರ್ಮಕ್ಕೆ ಪ್ರತ್ಯಯವಿಲ್ಲ. ಆದುದರಿಂದ ಅದಕ್ಕೆ ಸಮನಾದುದು ನಮ್ಮ ನಿಷ್ಪ್ರತ್ಯಯ ಕರ್ಮವು. ‘ಚೆನ್ನಾಗಿ ಇಂಗ್ಲಿಷ್ ಮಾತನಾಡುತ್ತಾನೆ’ ಎಂಬುದನ್ನು ತಿರುವಿದರೆ ‘ಸ್ಪೀಕ್ಸ್ ಇಂಗ್ಲಿಷ್ ವೆಲ್’ ಎಂಬ ಶುದ್ಧವಾಕ್ಯವು ತಾನಾಗಿಯೇ ಸಿದ್ಧಿಸುವುದು. ಹಾಗಾದರೆ ಉಪಾಧ್ಯಾಯರು ಬೋಧಿಸತಕ್ಕ ವಿಧಿಯು ಇಷ್ಟೇ: ಮೊದಲು ‘ಅನ್ನು’ ಪ್ರತ್ಯಯವನ್ನು ತೆಗೆದು ಸಹಜವಾಗುವಂತೆ ಕನ್ನಡ ವಾಕ್ಯವನ್ನು ಆಡಿ ನೋಡು, ಬಳಿಕ ಕರ್ತೃವನ್ನು ಮೊದಲಿಟ್ಟು ಉಳಿದುದನ್ನು ಕಡೆಯಿಂದ ಮೊದಲಿಗೆ ಓದು.

ಈ ವಿಧಿಗೆ ಅಪವಾದಗಳಿಲ್ಲವೆ? ಉಂಟು. ಕ್ರಿಯೆಯು ಎಷ್ಟು ಸಾರಿ ನಡೆಯುವುದೆಂಬುದನ್ನು ಹೇಳುವ ‘ಆಲ್ವೇಸ್’, ‘ಆಫನ್’, ‘ನೆವರ್’ ಮೊದಲಾದುವು ಪ್ರತಿಬಿಂಬಕ್ಕೆ ಒಳಪಡುವುದಿಲ್ಲ. ಅವು ಮುಖ್ಯಕ್ರಿಯೆಯ ಹಿಂದೆಯೇ ನಿಲ್ಲುವುವು: ‘ಹಿ ಆಲ್ವೇಸ್ ಸ್ಪೀಕ್ಸ್ ದಿ ಟ್ರೂತ್’. ‘ಅವನು ಯಾವಾಗಲೂ ನಿಜ ಹೇಳುತ್ತಾನೆ’ ಎಂಬ ನಮ್ಮ ವಾಕ್ಯದಲ್ಲಿಯೂ ‘ಯಾವಾಗಲೂ’ ಎಂಬುದು ಕರ್ತೃವಿನ ಬಳಿಕವೇ ಇರುವುದರಿಂದ ಮಕ್ಕಳಿಗೆ ಇಲ್ಲಿ ಕಷ್ಟವಿಲ್ಲ. ಕಷ್ಟವು ಬರುವುದು ‘ಇರು’ ಧಾತುವಿನ ಅರ್ಥವುಳ್ಳ ಕ್ರಿಯೆ ಮತ್ತು ಸಹಾಯಕ್ರಿಯೆಗಳು ಇರುವಲ್ಲಿ. ಆಗ ಇವು ಆ ಕ್ರಿಯೆಯ ತರುವಾಯ ಬರುವುವು: ‘ಹಿ ಈಸ್ ಆಲ್ವೇಸ್ ರೈಟ್’, ‘ಹಿ ಹ್ಯಾಸ್ ನೆವರ್ ಕಮ್’. ಎರಡು ಸಹಾಯಕ್ರಿಯೆಗಳಿದ್ದರೆ ಸಾಮಾನ್ಯವಾಗಿ ಮೊದಲನೆಯದರ ತರುವಾಯ. ಕಾಲವಾಚಕವನ್ನು ವಾಕ್ಯದ ಆದಿಯಲ್ಲಿಡುವುದಕ್ಕೂ ಇಂಗ್ಲಿಷಿನಲ್ಲಿ ನಿಷೇಧವಿಲ್ಲ. ಇಷ್ಟು ಅಪವಾದಗಳನ್ನು ಬಿಟ್ಟರೆ ಉತ್ಸರ್ಗವು ಬಲವಾಗಿಯೇ ಉಳಿಯುತ್ತದೆ.

೮. ‘ಏ’ಕಾರವೂ ‘ಓನ್ಲಿ’ ಶಬ್ದವೂ

ಸ್ಥಾನವಿಚಾರದಲ್ಲಿ ಅತ್ಯಂತ ಅಪಾಯಕರವಾದ ಶಬ್ದವು ‘ಓನ್ಲಿ’. ಲೌತ್ ಪಂಡಿತನೇ ಇದನ್ನು ಎತ್ತಿ ತೋರಿಸಿ, ಮೂರು ಮಾತುಗಳನ್ನು ಮಾತ್ರ ಆಡಿದೆನೆಂಬ ಅಭಿಪ್ರಾಯವಿರುವಾಗ ‘ಓನ್ಲಿ’ ಎಂಬುದನ್ನು ಸಂಖ್ಯೆಯ ಹಿಂದೆ ಇಡಬೇಕಲ್ಲದೆ ಕ್ರಿಯೆಯ ಹಿಂದೆ ಇಡಬಾರದೆಂದು ಬುದ್ಧಿಹೇಳಿದನು. 1926ರಲ್ಲಿ ಫೌಲರನು ತನ್ನ ಪ್ರಸಿದ್ಧ ಕೋಶದಲ್ಲಿ ಇದನ್ನೇ ಚರ್ಚಿಸಿ, ಅರ್ಥಸಂದೇಹವಿಲ್ಲದ ಕಡೆ ರೂಢಿಯಂತೆ ಕ್ರಿಯೆಯ ಹಿಂದಿಟ್ಟವರನ್ನು ದಂಡಿಸತಕ್ಕದ್ದಲ್ಲವೆಂದು ಅವರ ಪಕ್ಷವನ್ನು ಹಿಡಿದನು. ಎಂದರೆ ನೂರರುವತ್ತು ವರ್ಷಗಳಾದರೂ ಆ ವಿವಾದವು ಮುಗಿದಿರಲಿಲ್ಲ.

ನಮ್ಮ ಶಾಸ್ತ್ರಕಾರರು ಈ ಪ್ರಶ್ನೆಯನ್ನು ಬಹುಹಿಂದೆಯೇ ವಿಚಾರಿಸಿದ್ದರು. ‘ಏವ’ಕಾರವು ವಿಶೇಷಣದೊಡನೆ ಸೇರಿದರೆ ಅಯೋಗವ್ಯವಚ್ಛೇದ, ವಿಶೇಷ್ಯದೊಡನೆ ಸೇರಿದರೆ ಅನ್ಯಯೋಗವ್ಯವಚ್ಛೇದ, ಕ್ರಿಯೆಯೊಡನೆ ಸೇರಿದರೆ ಅತ್ಯಂತಾಯೋಗವ್ಯವಚ್ಛೇದ ಎಂದು ಮೂರು ಅರ್ಥಗಳನ್ನು ವಿಂಗಡಿಸಿದರು. ಏಳನೆಯ ಶತಮಾನದ ಬೌದ್ಧಾಚಾರ್ಯ ಧರ್ಮಕೀರ್ತಿಯಲ್ಲಿಯೇ ಈ ವಿಭಾಗವು ಕಾಣಬರುತ್ತದೆ. ತರುವಾಯದ ನೈಯಾಯಿಕರು ಇದನ್ನು ಬೆಳೆಸಿದರು. ‘ಶಂಖವು ಬಿಳಿಯದೇ’ ಎಂದರೆ ಶಂಖಕ್ಕೆ ಬಿಳುಪಿಲ್ಲವೆಂಬ ಶಂಕೆ ಹೋಯಿತು. ‘ಪಾರ್ಥನೇ ಧನುರ್ಧರನು’ ಎಂದರೆ ಅವನಂತಹ ಬಿಲ್ಲಾಳು ಬೇರೊಬ್ಬನಿಲ್ಲವೆಂದಾಯಿತು. ‘ಕಮಲವು ನೀಲವಾಗಿರುವುದು ಉಂಟೇ ಉಂಟು’ ಎಂದರೆ ಎಲ್ಲಿಯೂ ನೀಲಕಮಲವಿಲ್ಲವೆಂಬ ಮಾತು ಸುಳ್ಳಾಯಿತು. ಶಬ್ದವೊಂದೇ, ಸ್ಥಾನಭೇದದಿಂದ ಅರ್ಥಭೇದ. ಸಂಸ್ಕೃತಜ್ಞರಿಗೆ ಸ್ಥಾನದ ಬಲವು ತಿಳಿಯದೆಂಬ ಅಪವಾದಕ್ಕೆ ಇದಕ್ಕಿಂತ ಬೇರೆ ಉತ್ತರವು ಬೇಕಾಗಿಲ್ಲ.

ಕನ್ನಡವು ಈ ಕಾರ್ಯವನ್ನು ‘ಏ’ ಎಂಬ ಅವಧಾರಣೆಯಿಂದ ನಿರ್ವಹಿಸುತ್ತದೆ. ವಿಜಾಪುರದ ಮಾತಿನಲ್ಲಿ ಅದು ‘ಅವನಽ ಬಂದ’ ಎಂಬಂತೆ ಎಳೆದ ಅಕಾರವಾಗಿ ಕೇಳಬರುತ್ತದೆ. ಅದು ಬಿಡಿಯಾಗಿ ನಿಲ್ಲದೆ ತಾನು ನಿಯಮಿಸುವ ಪದದ ಮೈಗೇ ಹತ್ತಿರುವುದರಿಂದ ಸ್ಥಾನಭ್ರಂಶಕ್ಕೆ ಅವಕಾಶವೇ ಇಲ್ಲ. ‘ನಾನೇ ದೇವರನ್ನು ನಂಬಿದೆ’, ‘ನಾನು ದೇವರನ್ನೇ ನಂಬಿದೆ’, ‘ನಾನು ದೇವರನ್ನು ನಂಬಿಯೇ ಇದ್ದೆ’ ಎಂಬ ಮೂರರಲ್ಲಿ ಮೂರು ಭಾವಗಳಿವೆ. ಇಂಗ್ಲಿಷಿನಲ್ಲಿ ‘ಓನ್ಲಿ’ ಎಂಬುದನ್ನು ಕಣ್ಣುಮುಚ್ಚಿ ಕ್ರಿಯೆಯ ಹಿಂದಿಟ್ಟರೆ ಇವುಗಳ ಭೇದವು ಅಳಿದುಹೋಗುವುದು. ಹಳಕಟ್ಟಿಯವರು 1922ರಲ್ಲಿ ಬಸವಣ್ಣನವರ ವಚನಗಳ ಇಂಗ್ಲಿಷ್ ಅನುವಾದವನ್ನು ಇಂಡಿಯನ್ ಆಂಟಿಕ್ವರಿಯಲ್ಲಿ ಪ್ರಕಟಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ಅಂದಿನಿಂದ ವಚನಗಳನ್ನು ಇಂಗ್ಲಿಷಿಗೆ ತರುವ ಪ್ರತಿಯೊಬ್ಬರ ಮುಂದೆಯೂ ಈ ಒಂದು ಅಕ್ಷರದ ಸಮಸ್ಯೆಯು ನಿಂತಿದೆ. ಅನನ್ಯಭಕ್ತಿಯನ್ನು ಹೇಳುವ ಮಾತಿನಲ್ಲಿ ಅನ್ಯವ್ಯವಚ್ಛೇದವು ಯಾವ ಪದಕ್ಕೆಂಬುದು ತಪ್ಪಿದರೆ, ತಪ್ಪಿದುದು ವ್ಯಾಕರಣವಷ್ಟೇ ಅಲ್ಲ. ಬಾಗೇವಾಡಿಯಲ್ಲಿ ಹುಟ್ಟಿದ ಆ ಮಹಾತ್ಮನ ಅಭಿಪ್ರಾಯವೇ ತಪ್ಪಿತು. ಗೇಣಿಪತ್ರ, ಮೃತ್ಯುಪತ್ರಗಳ ಭಾಷಾಂತರದಲ್ಲಿಯೂ ಹೀಗೆಯೇ: ‘ಬೆಳೆಯ ಅರ್ಧವನ್ನೇ ಕೊಡತಕ್ಕದ್ದು’ ಎಂಬಲ್ಲಿನ ‘ಏ’ಕಾರವನ್ನು ಎಲ್ಲಿಡಬೇಕೆಂಬುದರ ಮೇಲೆ ಒಂದು ಮನೆಯ ಅನ್ನವು ನಿಂತಿರಬಹುದು.

೯. ಉಪಸಂಹಾರ

ಇದುವರೆಗಿನ ವಿಚಾರದಿಂದ ಫಲಿಸಿದುದು ಹೀಗಿದೆ. ಕ್ರಿಯಾವಿಶೇಷಣದ ಸ್ಥಾನಕ್ಕೆ ನಮ್ಮ ಪ್ರಾಚೀನ ವ್ಯಾಕರಣಗಳಲ್ಲಿ ಪ್ರತ್ಯೇಕ ಪ್ರಕರಣವಿಲ್ಲದಿದ್ದುದು ವಿಭಕ್ತಿಯೇ ಆ ಕಾರ್ಯವನ್ನು ಮಾಡುತ್ತಿದ್ದುದರಿಂದ. ಇಂಗ್ಲಿಷಿನಲ್ಲಿ ಅದು ಬೇಕಾದುದು ವಿಭಕ್ತಿಯು ನಷ್ಟವಾದುದರಿಂದ. ಆದರೆ ಸನ್ನಿಧಿಯೆಂಬ ಮೂಲತತ್ತ್ವವು ಎರಡು ಕಡೆಯೂ ಸಮಾನ. ಈ ಸೀಮೆಯ ಶಾಸನಗಳಿಗೂ ಸಂತೆಯ ಮಾತಿಗೂ ಕ್ರಮವೊಂದೇ. ಇಂಗ್ಲಿಷಿನ ಕ್ರಮವು ಅದರ ಪ್ರತಿಬಿಂಬ.

ಹಾಗಿರುವಲ್ಲಿ ಇಂಡಿಯ ಅಥವಾ ಮುದ್ದೇಬಿಹಾಳದ ಬಾಲಕನ ವಾಕ್ಯದ ಮೇಲೆ ಕಾರಣವನ್ನು ಹೇಳದೆ ಕೆಂಪು ಗೆರೆಯೆಳೆಯುವುದು ನ್ಯಾಯವಲ್ಲ. ಅವನು ಅಜ್ಞಾನದಿಂದ ತಪ್ಪಿದವನಲ್ಲ. ಒಂದು ವ್ಯವಸ್ಥೆಯನ್ನು ಬಲ್ಲವನು ಇನ್ನೊಂದರ ಬಾಗಿಲಲ್ಲಿ ತಡವರಿಸಿದನು. ಅವನ ಭಾಷೆಯೇ ಅವನಿಗೆ ದೀಪವಾಗಬಲ್ಲುದು. ನನ್ನ ವಿದ್ಯಾರ್ಥಿಗೆ ಈ ನ್ಯಾಯವನ್ನು ವಿವರಿಸಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಲಗೂನ ಊಟಾ ಮಾಡು’ ಎಂಬುದನ್ನು ತಾನಾಗಿಯೇ ತಿರುವಿ ‘ಈಟ್ ಯುವರ್ ಫುಡ್ ಕ್ವಿಕ್ಲಿ’ ಎಂದನು.

ಕನ್ನಡ ವಾಕ್ಯದ ಪದಕ್ರಮವನ್ನು ಶಾಸನಗದ್ಯ, ವಚನಗದ್ಯ, ಆಡುಮಾತು ಇವುಗಳಿಂದ ಸಂಗ್ರಹಿಸಿ ಒಂದು ವಾಕ್ಯಪ್ರಕರಣವನ್ನು ವಿಸ್ತಾರವಾಗಿ ರಚಿಸುವುದು ವಿದ್ವಾಂಸರು ಕೈಕೊಳ್ಳತಕ್ಕ ಕಾರ್ಯವಾಗಿದೆ. ಈ ಅಲ್ಪಪ್ರಯತ್ನದಲ್ಲಿರುವ ದೋಷಗಳನ್ನು ಬಲ್ಲವರು ತಿದ್ದಿ, ಗುಣಲೇಶವೇನಾದರೂ ಇದ್ದರೆ ಸ್ವೀಕರಿಸಬೇಕೆಂದು ಪ್ರಾರ್ಥನೆ.